ಮಕ್ಕಳಿಗೆ ಭಾಷಣ ಬೇಡ, ಪಾಲಿಗೆ ಒಂದು ಮರಿ ಕೊಡಿ

ಪ್ರಶ್ನೆ: ಸರ್, ನಾನು ಜಗಳೂರು ತಾಲ್ಲೂಕಿನ ಒಂದು ಊರಿನಲ್ಲಿ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ನೋಡಿಕೊಳ್ಳುತ್ತೇನೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಹದಿನೆಂಟು ಮಕ್ಕಳನ್ನು ಸೇರಿಸಿ, ಭಾನುವಾರ ಬೇಸಾಯ, ದನ-ಕುರಿ, ಮಣ್ಣು-ನೀರಿನ ಬಗ್ಗೆ ಕಲಿಸೋಣ ಅಂತ ಶುರು ಮಾಡಿದೆವು. ಎರಡು ವಾರ ಹೊರಗಿನವರನ್ನು ಕರೆಸಿ ಭಾಷಣ ಮಾಡಿಸಿದೆವು. ಮೂರನೇ ವಾರ ಬಂದದ್ದು ನಾಲ್ಕೇ ಮಕ್ಕಳು. ಮನೆಯವರು ಬೇರೆ, "ನಾವು ಮಣ್ಣು ಹೊತ್ತಿದ್ದು ಸಾಲದಾ, ಅವಕ್ಕೂ ಅದನ್ನೇ ಕಲಿಸ್ತೀರಾ" ಅನ್ನುತ್ತಾರೆ. ನಮ್ಮ ಹತ್ತಿರ ಹೆಚ್ಚು ದುಡ್ಡೂ ಇಲ್ಲ. ಹೇಗೆ ಮುಂದುವರಿಸಲಿ? ಕೊನೆಗೆ ಮಕ್ಕಳಿಗೆ ಪ್ರಮಾಣಪತ್ರ ಕೊಡಬೇಕಾ?

ಉತ್ತರ: ನಾಲ್ಕು ಜನ ಉಳಿದರು ಅಂದಿರಲ್ಲ, ಅದೇ ದೊಡ್ಡದು. ನನ್ನ ಭಾಷಣಕ್ಕೆ ಅಷ್ಟೂ ಉಳಿಯುತ್ತಿರಲಿಲ್ಲ. ಕೃಷಿ ವಿಸ್ತರಣೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ ಹುಡುಗರನ್ನು ಕೂರಿಸಿಕೊಂಡು ಮಣ್ಣಿನ ಫಲವತ್ತತೆ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಗೋಡೆಗೆ ಚಾರ್ಟು, ಕೈಯಲ್ಲಿ ಕೋಲು. ಮುಗಿದ ಮೇಲೆ ಹಿಂದೆ ಕೂತಿದ್ದ ಅಜ್ಜ ಒಬ್ಬರು ಕೇಳಿದರು: "ಎಲ್ಲಾ ಚೆನ್ನಾಗಿ ಹೇಳಿದ್ರಿ ಸ್ವಾಮಿ. ಆದ್ರೆ ಈ ಹುಡ್ರ ಹೆಸರಲ್ಲಿ ಏನೈತೆ?"

ನಾನು ತಬ್ಬಿಬ್ಬಾದೆ. ಹೊಲ ಅಪ್ಪನದು. ಕುರಿ ಅಜ್ಜನದು. ಬೋರು ದೊಡ್ಡಪ್ಪನ ಜೊತೆ ಸೇರಿ ಕೊರೆಸಿದ್ದು. ಹುಡುಗರ ಪಾಲಿಗೆ ಬಂದಿದ್ದು ಬರೀ ಕೆಲಸ. ಕಸ ಬಾಚು, ನೀರು ಕಟ್ಟು, ಕುರಿ ಹೊಡಕೊಂಡು ಬಾ. ತಮ್ಮದಲ್ಲದ ಹೊಲದ ಬಗ್ಗೆ, ಭಾನುವಾರ ಬೆಳಿಗ್ಗೆ, ಕೂತು ಯಾರು ಕೇಳುತ್ತಾರೆ?

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ. ಪ್ರತಿ ಮಗುವಿಗೂ ಅದರದೇ ಆದ ಏನಾದರೊಂದು ಇರಲಿ. ಒಂದು ಮರಿ, ಒಂದು ಗುಂಟೆ ಜಾಗ, ಇಲ್ಲಾ ಮಳೆ ಅಳೆಯುವ ಒಂದು ಡಬ್ಬಿ. ಜೊತೆಗೆ ಒಂದು ನೋಟ್‌ಬುಕ್. ಲಾಭ ಬಂದರೂ ಮಗುವಿನದೇ, ಲುಕ್ಸಾನಾದರೂ ಮಗುವಿನದೇ.

ಇದಕ್ಕೆ ಹೊಸ ಪದ್ಧತಿ ಹುಡುಕಬೇಕಿಲ್ಲ. ನಮ್ಮ ಕಡೆ ಕುರಿಯನ್ನು ಪಾಲಿಗೆ ಕೊಡುವುದು ಹಿಂದಿನಿಂದಲೂ ಇದೆ ಅಲ್ವಾ? ಕುರಿ ಒಬ್ಬರದು, ಮೇಯಿಸೋರು ಇನ್ನೊಬ್ಬರು, ಹುಟ್ಟಿದ ಮರಿ ಅರ್ಧರ್ಧ. ಅದನ್ನೇ ಮಕ್ಕಳಿಗೆ ಹೊಂದಿಸಿ. ಊರಲ್ಲಿ ಮಂದೆ ಇರುವ ನಾಲ್ಕೈದು ಮನೆಯವರನ್ನು ಕೇಳಿ, ಒಂದೊಂದು ಮರಿ ಪಾಲಿಗೆ ಕೊಡಿ ಅಂತ. ಗಂಡು ಮರಿಯಾದರೆ ಐದಾರು ತಿಂಗಳು ಸಾಕಿ ಮಾರಿ, ಮರಿಯ ಬೆಲೆ ಕಳೆದು ಉಳಿದದ್ದನ್ನು ಹಂಚಿಕೊಳ್ಳಲಿ. ಪಿಯುಸಿಯ ದೊಡ್ಡ ಮಕ್ಕಳಿಗೆ ಹೆಣ್ಣು ಮರಿ ಕೊಡಬಹುದು. ಅದು ಬೆಳೆದು, ಗಬ್ಬವಾಗಿ, ಮತ್ತೆ ಐದು ತಿಂಗಳಿಗೆ ಈಯುವವರೆಗೆ ಒಂದೂವರೆ ವರ್ಷವೇ ಹಿಡಿಯಬಹುದು. ಆ ತಾಳ್ಮೆ ಎಂಟನೇ ಕ್ಲಾಸಿನವರಲ್ಲಿ ಇರುವುದಿಲ್ಲ, ಇರಬೇಕು ಅಂತ ಕೇಳುವುದೂ ತಪ್ಪು. ಕರಾರನ್ನು ಬಾಯಿಮಾತಿಗೆ ಬಿಡಬೇಡಿ. ಒಂದು ಹಾಳೆಯಲ್ಲಿ ಬರೆದು, ಮರಿ ಕೊಟ್ಟವರು, ಮಗು, ಮನೆಯ ಹಿರಿಯರು, ಮೂವರೂ ಸಹಿ ಹಾಕಲಿ. ಮರಿ ಸತ್ತರೆ ಯಾರ ಮೇಲೆ ಅನ್ನುವುದೂ ಅದರಲ್ಲಿ ಇರಲಿ.

ಮರಿ ಯಾವಾಗ ಕೊಡಬೇಕು ಅನ್ನುವುದರಲ್ಲಿ ನಾನು ಒಮ್ಮೆ ಎಡವಿದ್ದೇನೆ. ಒಂದು ವರ್ಷ ಹನ್ನೆರಡು ಮಕ್ಕಳಿಗೆ ಮೇ ಕೊನೆಯಲ್ಲಿ ಮರಿ ಕೊಡಿಸಿದೆ. ಲಸಿಕೆ ಆಮೇಲೆ ಹಾಕಿಸೋಣ ಅಂತ ಉದಾಸೀನ ಮಾಡಿದೆ. ಮಿರಗ ಮಳೆ ಚೆನ್ನಾಗಿ ಬಿತ್ತು. ಬದುಗಳಲ್ಲಿ ಎಳೆ ಹುಲ್ಲು ಚಿಗುರಿತು. ಬೇಸಿಗೆಯೆಲ್ಲ ಒಣ ಮೇವು ತಿಂದಿದ್ದ ಮರಿಗಳು ಅದರ ಮೇಲೆ ಬಿದ್ದು ಮೇಯ್ದವು. ಸಂಜೆ ಕುಣಿದಾಡುತ್ತಿದ್ದ ಮರಿ ಬೆಳಿಗ್ಗೆ ಕಾಲು ಚಾಚಿತ್ತು. ಹತ್ತು ದಿನದಲ್ಲಿ ಐದು ಹೋದವು. ಅದು ಕರುಳು ಬೇನೆ. ಹೊಟ್ಟೆಯಲ್ಲಿ ಮೊದಲೇ ಇರುವ ರೋಗಾಣು, ಇದ್ದಕ್ಕಿದ್ದಂತೆ ಹಸಿ ಮೇವು ಜಾಸ್ತಿಯಾದಾಗ ಕರುಳಿನಲ್ಲಿ ವಿಪರೀತ ಬೆಳೆದು ವಿಷ ಬಿಡುತ್ತದೆ. ಔಷಧಿ ಕೊಡಲು ಸಮಯವೇ ಸಿಗುವುದಿಲ್ಲ. ಮುಂಗಾರಿಗೆ ಮೊದಲೇ ಲಸಿಕೆ ಆಗಿರಬೇಕು. ಮೊದಲ ಸಲ ಹಾಕಿಸುವ ಮರಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು. ಒಬ್ಬ ಹುಡುಗ ಸತ್ತ ಮರಿಯನ್ನು ಹೂಳಿದ ಜಾಗ ತೋರಿಸಿ, "ಸರ್, ಇದನ್ನ ಪುಸ್ತಕದಲ್ಲಿ ಎಲ್ಲಿ ಬರೀಲಿ?" ಅಂತ ಕೇಳಿದ. ಖರ್ಚಿನ ಕಡೆ ಬರೆಸಿದೆ. ಬೇರೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ.

ಹಾಗಾಗಿ ಮೊದಲು ಪಶು ಆಸ್ಪತ್ರೆಗೆ ಹೋಗಿ ಲಸಿಕೆ ಯಾವ ದಿನ ಅಂತ ಕೇಳಿಕೊಳ್ಳಿ. ಆಮೇಲೆ ಮರಿ ಹಂಚಿ. ಕರುಳು ಬೇನೆ, ಹಿರೇಬೇನೆ (ಕುರಿಗೆ ಬರುವ ಇನ್ನೊಂದು ಅಂಟುರೋಗ) ಎರಡಕ್ಕೂ ಕೇಳಿ. ತುರ್ತಿಗೆ 1962 ನಂಬರಿಗೆ ಫೋನ್ ಮಾಡಬಹುದು. ಅದು ಪಶು ಸಂಜೀವಿನಿ ಸಹಾಯವಾಣಿ. ಈ ನಂಬರನ್ನು ಪ್ರತಿ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆಸಿ.

ಇನ್ನು ಮರಿಯಿಂದ ಏನೇನು ಕಲಿಸಬಹುದು? ಹೇಳಿದರೆ ಮುಗಿಯುವುದಿಲ್ಲ.

ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವುದು. ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ ಅನ್ನುವುದು ಕುರಿ ಕಾಯುವ ಮಕ್ಕಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ! ಕೆಳಗೆ ಎಂಟು ಹಾಲುಹಲ್ಲು. ಒಂದು, ಒಂದೂವರೆ ವರ್ಷಕ್ಕೆ ನಡುವಿನ ಎರಡು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ಸುಮಾರು ವರ್ಷಕ್ಕೆ ಎರಡರಂತೆ ನಾಲ್ಕು, ಆರು, ಕೊನೆಗೆ ಎಂಟೂ ಬಂದಾಗ ಬಾಯಿಗೂಡಿತು ಅನ್ನುತ್ತೇವೆ. ನಾಲ್ಕು ವರ್ಷದ ಸುಮಾರು. ಇದನ್ನು ಕಲಿಸಲು ನಾನಾಗಲಿ ನೀವಾಗಲಿ ಬೇಡ. ಊರಿನ ಕುರಿಗಾಹಿ ಅಜ್ಜನನ್ನು ಕರೆಯಿರಿ. ಆತ ದೂರದಿಂದ ನಡಿಗೆ ನೋಡಿಯೇ ಅರ್ಧ ಹೇಳಿಬಿಡುತ್ತಾನೆ.

ಎರಡನೆಯದು ಕಣ್ಣು. ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಬೇಕು. ಕೆಂಪಗಿದ್ದರೆ ಸರಿ. ಬಿಳುಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಸೇರಿರಬಹುದು. ಹದಿನೈದು ದಿನಕ್ಕೊಮ್ಮೆ ನೋಡಿ ಬರೆದರೆ ಸಾಕು. ಎಲ್ಲ ಮರಿಗೂ ಸುಮ್ನೆ ತಿಂಗಳು ತಿಂಗಳು ಜಂತಿನ ಔಷಧಿ ಕುಡಿಸುವ ಚಾಳಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಹಾಗೆ ಮಾಡಿದರೆ ಜಂತುಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ, ಆಮೇಲೆ ಔಷಧಿ ನಾಟುವುದಿಲ್ಲ. ಯಾವುದಕ್ಕೆ ಬೇಕು ಅಂತ ನೋಡಿ, ಡಾಕ್ಟರನ್ನು ಕೇಳಿ ಕೊಡುವುದನ್ನು ಮಕ್ಕಳಿಂದಲೇ ಊರು ಕಲಿಯಲಿ.

ಮೂರನೆಯದು ತೂಕ. ಇದರಲ್ಲೇ ನನಗೆ ಆಸೆ ಜಾಸ್ತಿ. ಸಂತೆಯಲ್ಲಿ ಕುರಿ ವ್ಯಾಪಾರ ಹೇಗೆ ನಡೆಯುತ್ತದೆ, ನೋಡಿದ್ದೀರಿ. ಬೆನ್ನು ಹಿಡಿದು ನೋಡುತ್ತಾರೆ, ಟವೆಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ರೇಟು ಹೇಳುತ್ತಾರೆ. ಕೊಳ್ಳುವವನಿಗೆ ತೂಕದ ಅಂದಾಜು ಪಕ್ಕಾ ಇರುತ್ತದೆ, ಮಾರುವವನಿಗೆ ಇರುವುದಿಲ್ಲ. ತಕ್ಕಡಿ ಇಲ್ಲದಿದ್ದರೂ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ಮೂಳೆಯಿಂದ ಬಾಲದ ಬುಡದವರೆಗಿನ ಉದ್ದದಿಂದ ಗುಣಿಸಿ. 660ರಿಂದ ಭಾಗಿಸಿ. ಸುತ್ತಳತೆ 28 ಇಂಚು, ಉದ್ದ 24 ಇಂಚು ಇದ್ದರೆ ಇಪ್ಪತ್ತೆಂಟೂವರೆ ಕೆ.ಜಿ. ಬರುತ್ತದೆ. ಒಂದೆರಡು ಕೆ.ಜಿ. ಹೆಚ್ಚು ಕಮ್ಮಿ ಆಗಬಹುದು. ಆದರೂ ಕಣ್ಣಂದಾಜಿಗಿಂತ ಎಷ್ಟೋ ಮೇಲು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸಂತೆಯಲ್ಲಿ ದಲ್ಲಾಳಿಯ ಮುಂದೆ ನೋಟ್‌ಬುಕ್ ತೆಗೆದು, "ಹೋದ್ ಭಾನುವಾರ ಇಪ್ಪತ್ತೇಳು ಕೇಜಿ ಇತ್ತು, ನೀವು ಇಪ್ಪತ್ತೆರಡಕ್ಕೆ ರೇಟು ಹೇಳ್ತಿದೀರಿ" ಅಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆತ ನಕ್ಕು, ಅವಳ ಅಪ್ಪನ ಕಡೆ ನೋಡಿದ. ಅಪ್ಪ ಆಕಾಶ ನೋಡುತ್ತಿದ್ದ. ರೇಟು ಏರಿತು.

ವಾರ ವಾರ ಬರೆದ ತೂಕ ಇನ್ನೊಂದನ್ನೂ ಹೇಳುತ್ತದೆ. ಒಬ್ಬ ಹುಡುಗನ ಮರಿ ಐದನೇ ತಿಂಗಳಿಂದ ತೂಕವೇ ಏರಿರಲಿಲ್ಲ. ಅವನು ಇನ್ನೂ ದಪ್ಪವಾಗಲಿ ಅಂತ ಮತ್ತೆರಡು ತಿಂಗಳು ಇಟ್ಟುಕೊಂಡ. ಹಿಂಡಿ, ಮೇವಿನ ಲೆಕ್ಕ ಹಾಕಿದಾಗ ಬಂದ ಲಾಭವೆಲ್ಲ ಆ ಎರಡು ತಿಂಗಳಲ್ಲಿ ಕರಗಿತ್ತು. ಯಾವಾಗ ಮಾರಬೇಕು ಅನ್ನುವುದನ್ನು ತಕ್ಕಡಿ ಒಂದು ಕಡೆಯಿಂದ ಹೇಳಿದರೆ, ಕ್ಯಾಲೆಂಡರ್ ಇನ್ನೊಂದು ಕಡೆಯಿಂದ ಹೇಳುತ್ತದೆ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಬ್ಬದಿಂದ ಹಿಂದಕ್ಕೆ ಎಣಿಸಿ ಮರಿ ತರಬೇಕು.

ಲೆಕ್ಕದ ವಿಷಯದಲ್ಲಿ ಒಂದು ಹಟ ಹಿಡಿಯಿರಿ. ಅವ್ವ ಬದುವಿನಿಂದ ಹೊತ್ತು ತಂದ ಹುಲ್ಲಿಗೂ ಬೆಲೆ ಕಟ್ಟಿ ಬರೆಯಬೇಕು. "ಅದಕ್ಕೆ ದುಡ್ಡು ಕೊಟ್ಟಿಲ್ಲ ಸರ್" ಅನ್ನುತ್ತಾರೆ. ಕೊಟ್ಟಿಲ್ಲ, ನಿಜ. ಆದರೆ ಹೊರೆ ಹುಲ್ಲಿಗೆ ಊರಲ್ಲಿ ಒಂದು ರೇಟು ಇದೆ ತಾನೆ? ಅದನ್ನು ಹಾಕಿ ನೋಡಿದಾಗ ಮನೆಯಲ್ಲಿ ಯಾರ ದುಡಿಮೆ ಎಲ್ಲಿ ಹೋಗುತ್ತಿದೆ ಅಂತ ಮಕ್ಕಳಿಗೆ ಕಾಣುತ್ತದೆ. ಅವ್ವಂದಿರಿಗೂ ಕಾಣುತ್ತದೆ, ಅದರಿಂದ ಒಂದೆರಡು ಮನೆಯಲ್ಲಿ ಜಗಳವಾಗಿದ್ದೂ ಇದೆ. ಆಗಲಿ ಬಿಡಿ.

ನೀರಿನ ಪಾಠಕ್ಕೆ ಖರ್ಚೇ ಇಲ್ಲ. ಮೇಲಿಂದ ಕೆಳಗೆ ಒಂದೇ ಅಗಲ ಇರುವ ತಗಡಿನ ಡಬ್ಬಿ ತಗೊಳ್ಳಿ. ಮರ, ಮಾಡಿನ ನೆರಳಿಲ್ಲದ ಬಯಲಲ್ಲಿ ಗಟ್ಟಿಯಾಗಿ ಕೂರಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ಎಷ್ಟು ಮಿಲಿಮೀಟರ್ ಅಂತ ಬರೆದು ಚೆಲ್ಲಬೇಕು. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ. ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಯಾವ ನಕ್ಷತ್ರದ ಮಳೆ. ಭರಣಿ, ಕೃತ್ತಿಕೆ, ರೋಹಿಣಿ, ಮಿರಗ, ಆರಿದ್ರಾ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತ ಅಜ್ಜಿ ಹೇಳುವುದು ನಿಜವೋ ಅಲ್ಲವೋ, ಮೂರು ವರ್ಷದ ಪುಸ್ತಕ ಇಟ್ಟುಕೊಂಡು ಮಕ್ಕಳೇ ಹೇಳಲಿ. ನನ್ನ ಅನುಭವದಲ್ಲಿ ನಿಮ್ಮ ಜಗಳೂರಿಗೂ ಪಕ್ಕದ ಚಳ್ಳಕೆರೆಗೂ ಹುಬ್ಬೆ, ಉತ್ತರೆ, ಹಸ್ತ ಮಳೆಗಳೇ ಕೈಹಿಡಿಯುವುದು. ಮುಂಗಾರು ಬರೀ ಆಸೆ ತೋರಿಸುತ್ತದೆ.

ಆಮೇಲೆ ಲೆಕ್ಕ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ನೀರು. ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಸ್ವಲ್ಪ ಜಾಸ್ತಿ. ಒಂದು ಹದ ಮಳೆ 20 ಮಿ.ಮೀ. ಅಂದುಕೊಂಡರೆ ಎಕರೆಗೆ 80 ಸಾವಿರ ಲೀಟರ್! ಅದು ಹೊಲದಲ್ಲಿ ಇಂಗಿತೋ, ಕೆಮ್ಮಣ್ಣು ಹೊತ್ತುಕೊಂಡು ಹಳ್ಳಕ್ಕೆ ಹೋಯಿತೋ? ಈ ಪ್ರಶ್ನೆ ಎದ್ದ ಮೇಲೆ ಬದು, ಕೃಷಿ ಹೊಂಡದ ಬಗ್ಗೆ ನೀವು ಭಾಷಣ ಮಾಡಬೇಕಾಗಿಲ್ಲ. ಮೂವತ್ತಡಿ ಇಪ್ಪತ್ತಡಿ ಶೀಟಿನ ಮನೆಯ ಮೇಲೆ 10 ಮಿ.ಮೀ. ಮಳೆಗೆ 550 ಲೀಟರ್ ಬೀಳುತ್ತದೆ, ಅದನ್ನು ಕೊಡದಲ್ಲಿ ಎಣಿಸಿ ಅನ್ನಿ. ಬೋರಿಗೂ ಹೀಗೇ. "ಎರಡು ಇಂಚು ನೀರು" ಅಂತ ಬಾಯಲ್ಲಿ ಹೇಳುವುದು ಬೇಡ. ಇಪ್ಪತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ, ತಿಂಗಳಿಗೊಮ್ಮೆ ಬರೆಯಲಿ. ದೀಪಾವಳಿಯಲ್ಲಿ ಹತ್ತು ಸೆಕೆಂಡಿಗೆ ತುಂಬಿದ್ದು ಶಿವರಾತ್ರಿಗೆ ಹದಿನಾರು ಆಯಿತು ಅಂದರೆ, ಬೇಸಿಗೆ ಬೆಳೆ ಎಷ್ಟು ಹಾಕಬೇಕು ಅಂತ ಮನೆಯಲ್ಲೇ ಚರ್ಚೆ ಶುರುವಾಗುತ್ತದೆ.

ಒಂದು ದಿನ ಬಸ್ಸು ಮಾಡಿಕೊಂಡು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಕರೆದುಕೊಂಡು ಹೋಗಿ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 2022ರಲ್ಲೇ. ಅಲ್ಲಿಂದ ಬರುವಾಗ ಬಬ್ಬೂರು ಫಾರಂ ನೋಡಬಹುದು, ಚಿತ್ರದುರ್ಗದ ಕೃಷಿ ವಿಜ್ಞಾನ ಕೇಂದ್ರ ಅಲ್ಲೇ ಇದೆ.

ಬೆಳೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದು ಗುಂಟೆ ಸಾಕು, ಎಕರೆಯ ನಲವತ್ತನೇ ಒಂದು ಪಾಲು. ಅರ್ಧದಲ್ಲಿ ಅಪ್ಪ ಮಾಡುವ ಹಾಗೆ, ಅರ್ಧದಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಬೀಜೋಪಚಾರ (ಬಿತ್ತುವ ಮೊದಲು ಬೀಜಕ್ಕೆ ಔಷಧಿ ಲೇಪಿಸುವುದು) ಆದರೆ ಅದೊಂದೇ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಬಿತ್ತುವ ಮೊದಲು ನೂರು ಬೀಜ ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ನೋಡಲಿ. ಶೇಂಗಾ ಆದರೆ ಎಪ್ಪತ್ತಕ್ಕಿಂತ ಕಡಿಮೆ ಮೊಳೆತ ಬೀಜವನ್ನು ಹೊಲಕ್ಕೆ ಒಯ್ಯುವುದು ಬೇಡ. ನಲವತ್ತು ದಿನದ ಶೇಂಗಾ ಗಿಡ ಒಂದನ್ನು ಮೆಲ್ಲಗೆ ಕಿತ್ತು, ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡಲಿ. ಒಳಗೆ ತಿಳಿಗೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ. ಹಸಿರೋ ಬೂದಿಯೋ ಇದ್ದರೆ ಗಂಟು ಕೆಲಸ ಮಾಡುತ್ತಿಲ್ಲ. ಈ ತಿಳಿಗೆಂಪನ್ನು ನೋಡಿದ ಮಕ್ಕಳ ಮುಖ ನೋಡಬೇಕು ನೀವು. ಮೆಕ್ಕೆಜೋಳ ಹಾಕಿದರೆ ಸುಳಿಯಲ್ಲಿ ಸೈನಿಕ ಹುಳು ಹುಡುಕುವ ಕೆಲಸ ಕೊಡಿ. ದೇಶದಲ್ಲಿ ಈ ಹುಳು ಮೊದಲು ಕಂಡದ್ದೇ 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗ ಕಡೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಚಿಕ್ಕವರ ಕಣ್ಣಿಗೆ ನಮಗಿಂತ ಬೇಗ ಬೀಳುತ್ತದೆ.

ಹುಡುಕಲಿ, ಎಣಿಸಲಿ, ಬೇಕಾದರೆ ಆರಿಸಿ ಕೊಲ್ಲಲಿ. ಔಷಧಿ ಹೊಡೆಯುವುದು ಮಾತ್ರ ಖಂಡಿತ ಬೇಡ. ಡಬ್ಬದ ಮೇಲಿನ ತ್ರಿಕೋನದ ಬಣ್ಣ ಓದುವುದನ್ನು ಕಲಿಸಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೂ ಮುಟ್ಟಬಹುದು ಅಂತ ಅಲ್ಲ. ಕಂದು ಹಾಕಿದ (ಗರ್ಭಪಾತವಾದ) ಕುರಿಯನ್ನಾಗಲಿ ಆ ಕಂದನ್ನಾಗಲಿ ಬರಿಗೈಯಲ್ಲಿ ಮುಟ್ಟಬಾರದು, ಅದರಿಂದ ಮನುಷ್ಯರಿಗೂ ರೋಗ ಬರುತ್ತದೆ. ಇನ್ನು ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಪಾಚಿಗಟ್ಟಿ ಜಾರುತ್ತದೆ, ಈಜು ಬರುವವರೂ ಹತ್ತಿ ಬರಲಾರರು. ಸುತ್ತ ಬೇಲಿ, ಒಳಗೆ ಗೂಟಕ್ಕೆ ಕಟ್ಟಿ ಇಳಿಬಿಟ್ಟ ಹಗ್ಗ ಇಲ್ಲದ ಹೊಂಡದ ಹತ್ತಿರ ನಿಮ್ಮ ಗುಂಪನ್ನು ಕರೆದುಕೊಂಡು ಹೋಗಬೇಡಿ.

ಕಲಿಸೋರು ಯಾರು? ಅಧಿಕಾರಿಗಳನ್ನು ಮೊದಲೇ ಕರೆದು ತಪ್ಪು ಮಾಡಿದಿರಿ ಅಂತ ನನ್ನ ಅನಿಸಿಕೆ. ಎರಡು ತಿಂಗಳು ಆಗಲಿ. ಮಕ್ಕಳ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ತುಂಬಲಿ. ಆಗ ರೈತ ಸಂಪರ್ಕ ಕೇಂದ್ರದವರನ್ನೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನೋ ಕರೆಯಿರಿ, "ಭಾಷಣ ಬೇಡ ಸರ್, ಈ ಪ್ರಶ್ನೆಗಳಿಗೆ ಉತ್ತರ ಹೇಳಿ" ಅನ್ನಿ. ಅವರೂ ಖುಷಿ ಪಡುತ್ತಾರೆ, ಅದೇ ಭಾಷಣ ಮಾಡಿ ಅವರಿಗೂ ಬೇಜಾರಾಗಿರುತ್ತದೆ. ಅಲ್ಲಿಯವರೆಗೆ ಊರಿನವರೇ ಮೇಷ್ಟ್ರು. ಕುರಿಗಾಹಿ ಅಜ್ಜ, ಪಶು ಸಖಿ (ದನ-ಕುರಿ ಆರೈಕೆಯ ತರಬೇತಿ ಪಡೆದ ಊರಿನ ಹೆಣ್ಣುಮಗಳು), ಬೋರ್ ಮೋಟಾರು ಎತ್ತುವ ಹುಡುಗ, ಬೀಜವನ್ನು ಬೂದಿ ಹಾಕಿ ಮಡಕೆಯಲ್ಲಿ ಇಡುವ ಅಜ್ಜಿ. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಚಳ್ಳಕೆರೆ, ಮೊಳಕಾಲ್ಮೂರು ಕಡೆ ಈಗಲೂ ಇದ್ದಾರೆ. ಒಬ್ಬರು ಸಿಕ್ಕರೆ ಗೋಮಾಳದಲ್ಲಿ ನಡೆಸಿಕೊಂಡು ಹೋಗಿ, ಹುಲ್ಲುಗಳ ಹೆಸರು ಹೇಳಿಸಿ. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕಾಡಿದೆ, ಕೊಂಡುಕುರಿಗೆಂದೇ (ನಾಲ್ಕು ಕೊಂಬಿನ ಹುಲ್ಲೆ) ಇರುವ ವನ್ಯಧಾಮ. ಎಷ್ಟು ಮಕ್ಕಳು ನೋಡಿದ್ದಾರೆ, ಕೇಳಿ ನೋಡಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಒಮ್ಮೆ ಹೋಗಿ ಬನ್ನಿ.

ಇನ್ನು ಮನೆಯವರ ಮಾತು. ನೋಡಮ್ಮ, "ಮಣ್ಣು ಹೊತ್ತಿದ್ದು ಸಾಲದಾ" ಅನ್ನುವವರ ಜೊತೆ ವಾದ ಮಾಡಬೇಡಿ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಮಕ್ಕಳೆಲ್ಲ ರೈತರಾಗಬೇಕು ಅಂತ ನೀವೂ ಹೇಳುತ್ತಿಲ್ಲ, ನಾನೂ ಹೇಳುವುದಿಲ್ಲ. ಅವರಿಗೆ ಎರಡು ವಿಷಯ ತಿಳಿಸಿ. ಬಿಎಸ್ಸಿ ಅಗ್ರಿಗೆ ಕೃಷಿಕರ ಕೋಟಾದಲ್ಲಿ ಸೀಟು ಬೇಕಾದರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಕಳೆ, ಬೆಳೆ, ಸಲಕರಣೆ ಗುರುತಿಸಬೇಕು. ಹಳ್ಳಿಯ ಮಕ್ಕಳೇ ಅಲ್ಲಿ ತಡವರಿಸುವುದನ್ನು ನೋಡಿದ್ದೇನೆ, ಕೋಚಿಂಗಿಗೆ ಅಂತ ಪೇಟೆಗೆ ಕಳಿಸಿ ಹೊಲ ಮರೆಸಿರುತ್ತೇವೆ. ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ, ಪಶುಸಂಗೋಪನೆ ಡಿಪ್ಲೊಮಾ ಇವೆ. ಹದಿನೆಂಟು ದಾಟಿದವರಿಗೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಉಚಿತ ಸ್ವಉದ್ಯೋಗ ತರಬೇತಿ ಸಿಗುತ್ತದೆ. ಎರಡನೆಯದು, ಮರಿ ಮಾರಿದ ದುಡ್ಡು ಮಗುವಿನ ಬ್ಯಾಂಕ್ ಖಾತೆಗೇ ಹೋಗಬೇಕು. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆ ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ, ಬ್ಯಾಂಕಿನಲ್ಲಿ ಕೇಳಿ.

ಹೆಣ್ಣುಮಕ್ಕಳು ಎಷ್ಟಿದ್ದಾರೆ ಅಂತ ನೀವು ಬರೆದಿಲ್ಲ. ಮನೆಯಲ್ಲಿ ದನ-ಕುರಿಯ ಕೆಲಸ ಮಾಡುವುದು ಹೆಚ್ಚಾಗಿ ಅವರೇ, ತರಬೇತಿಗೆ ಬರುವುದು ಮಾತ್ರ ಗಂಡುಮಕ್ಕಳು. ಭಾನುವಾರ ಬೆಳಿಗ್ಗೆ ಅವರಿಗೆ ನೀರು, ಬಟ್ಟೆಯ ಕೆಲಸ ಇರುತ್ತದೆ. ಮಧ್ಯಾಹ್ನ ಮೂರಕ್ಕೆ ಇಟ್ಟು ನೋಡಿ.

ಪ್ರಮಾಣಪತ್ರ ಬೇಡ. ನೋಟ್‌ಬುಕ್ಕಿಗೆ ಗಟ್ಟಿ ರಟ್ಟು ಹಾಕಿಸಿ, ವರ್ಷದ ಕೊನೆಗೆ ಅರಿವು ಕೇಂದ್ರದ ಕಪಾಟಿನಲ್ಲಿ ಇಡಿ, ಹೆಸರು ಬರೆದು. ಮುಂದಿನ ವರ್ಷದ ಮಕ್ಕಳು ಅದನ್ನು ತೆಗೆದು ಓದುತ್ತಾರೆ. ಕೈಯಲ್ಲಿ ಸ್ವಲ್ಪ ದುಡ್ಡು ಇದ್ದರೆ ಐವತ್ತು ಕೆ.ಜಿ.ವರೆಗೆ ತೂಗುವ ಕೊಕ್ಕೆ ತಕ್ಕಡಿ ಒಂದು ಕೊಂಡುಕೊಳ್ಳಿ. ಹಳೆ ಗೋಣಿಚೀಲಕ್ಕೆ ನಾಲ್ಕು ಕಾಲಿಗೆ ನಾಲ್ಕು ತೂತು ಮಾಡಿ, ಮರಿಯನ್ನು ಅದರಲ್ಲಿ ಇಳಿಸಿ ತೂಗಿ. ಚೀಲದ ತೂಕ ಕಳೆಯುವುದನ್ನು ಮರೆಯಬೇಡಿ.